ಬಾಜೂದವರು ಇಟ್ಟ ಹೆಸರು

೧

ಅವತ್ತು ಬೆಳಿಗ್ಗೆ ಮಲಪ್ರಭೆಯ ಮೇಲಿನ ಮಂಜು ಖಾನಾಪುರದ ಒಳಗೇ ಬಂದು ಕೂತಿತ್ತು. ಎದುರಿಗೆ ಬರುವವರ ಕೆಮ್ಮು ಮೊದಲು ಕೇಳಿಸುತ್ತಿತ್ತು, ಆಮೇಲೆ ಬಿಳಿ ಟೊಪ್ಪಿಗೆ ಕಾಣಿಸುತ್ತಿತ್ತು, ಎಲ್ಲಕ್ಕಿಂತ ಕೊನೆಗೆ ಮನುಷ್ಯ.

(ಹವಾಮಾನದಿಂದ ಶುರು ಮಾಡಬಹುದೆ? ಹಳೆಯ ಚಾಳಿ ಎನ್ನುತ್ತೀರಿ. ಅನ್ನಿ. ನಮ್ಮ ಕಡೆ ಕಥೆ ಹೇಳುವವರು ಮೊದಲು ಆಕಾಶ ನೋಡುತ್ತಿದ್ದರು, ಆಮೇಲೆ ದೇವರನ್ನು ನೆನೆಯುತ್ತಿದ್ದರು, ಆಮೇಲೆ ಎದುರಿಗೆ ಕೂತವರ ಮುಖ ನೋಡುತ್ತಿದ್ದರು. ಮೊದಲಿನ ಎರಡನ್ನು ನಾನೂ ಮಾಡಿದ್ದೇನೆ. ಮೂರನೆಯದಕ್ಕೆ ನೀವು ಕಾಗದದ ಆಚೆ ಇದ್ದೀರಿ.)

ಅದು ೧೯೭೩ರ ನವೆಂಬರ್ ಒಂದನೆಯ ತಾರೀಖು. ಅಂದಿನಿಂದ ಮೈಸೂರು ರಾಜ್ಯದ ಹೆಸರು ಕರ್ನಾಟಕ ಎಂದಾಯಿತು. ಹೆಣ್ಣುಮಕ್ಕಳ ಶಾಲೆಯ ಬಾಗಿಲ ಮೇಲಿನ ಬೋರ್ಡಿಗೆ ಏಣಿ ಹಚ್ಚಿ, ಪೇಂಟರ್ ಮಾಯಪ್ಪ 'ಮೈಸೂರು' ಎಂಬುದನ್ನು ಉಪ್ಪುಕಾಗದದಿಂದ ತಿಕ್ಕುತ್ತಿದ್ದ. ಕೆಳಗೆ ನಿಂತವರಿಗೆ ಮಂಜಿನಲ್ಲಿ ಅವನ ಕಾಲುಗಳು ಮಾತ್ರ ಕಾಣುತ್ತಿದ್ದವು.

ನನ್ನ ಮೊದಲ ಡ್ರಾಫ್ಟಿನಲ್ಲಿ ಇದ್ಯಾವುದೂ ಇರಲಿಲ್ಲ. ಅದೊಂದು ಪ್ರಬಂಧವಾಗಿತ್ತು. 'ದೇಶಗಳಿಗೂ ಅಲ್ಲಿನ ಪ್ರಜೆಗಳಿಗೂ ದಿನಬಳಕೆಯ ಹೆಸರುಗಳು ಎಲ್ಲಿಂದ ಬರುತ್ತವೆ' ಎಂದು ಹುಡುಕುತ್ತ, ಬೆಳಗಾವಿಯ ಲೈಬ್ರರಿಯಲ್ಲಿ ಕೂತು ಬರೆದದ್ದು. ನಾನು ಕೂತ ಊರಿಗೇ ನೆಟ್ಟಗೆ ಒಂದು ಹೆಸರಿಲ್ಲ ಎಂಬುದು ಆಗ ತಲೆಗೆ ಹೋಗಲಿಲ್ಲ ನೋಡಿ. ನಾವು ಬೆಳಗಾವಿ ಎನ್ನುತ್ತೇವೆ, ಬಾಜೂ ಮನೆಯ ಮರಾಠಿಯವರು ಬೆಳಗಾಂವ ಎನ್ನುತ್ತಾರೆ, ರೇಲ್ವೆಯವರು ಬೆಲ್ಗಾಮ್ ಎನ್ನುತ್ತಾರೆ. ಮೂವರೂ ಇಳಿಯುವ ಸ್ಟೇಷನ್ನು ಒಂದೇ. ಪ್ರಬಂಧ ಮೂರನೆಯ ಪುಟಕ್ಕೆ ಬರುವ ಹೊತ್ತಿಗೆ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ. ಒಂದೇ ಒಂದು ವಾಕ್ಯ ಉಳಿಸಿಕೊಂಡೆ: ತನ್ನ ಮನೆಯಲ್ಲಿ ಯಾರಿಗೂ ಹೆಸರು ಬೇಕಾಗುವುದಿಲ್ಲ, ಬಾಜೂದವರು ಬಂದು ನಿಂತಾಗ ಬೇಕಾಗುತ್ತದೆ.

ಈ ವಾಕ್ಯದ ಬಿಸಿ ತಟ್ಟಿದ ಒಬ್ಬ ಹೆಣ್ಣುಮಗಳು ಬೇಕಲ್ಲ ಎಂದುಕೊಂಡೆ. ಮಂಜಿನೊಳಗಿನಿಂದ ವತ್ಸಲಾ ನಡೆದು ಬಂದಳು.

೨

ವತ್ಸಲಾ ಬೆಳಗಾವಿಯ ಹಿಂದವಾಡಿಯ ಹುಡುಗಿ. ಬೇಸಿಗೆಯಲ್ಲಿ ಮದುವೆಯಾಗಿ ಖಾನಾಪುರಕ್ಕೆ ಬಂದವಳು, ಮಳೆಗಾಲ ಶುರುವಾದಾಗ ಈ ಶಾಲೆಯಲ್ಲಿ ಭೂಗೋಳ ಕಲಿಸಲು ಸೇರಿದಳು. ಗಂಡ ಅವಧೂತ ದಿನವೂ ಮುಂಜಾನೆಯ ರೈಲಿಗೆ ಬೆಳಗಾವಿಗೆ ಹೋಗಿ, ರವಿವಾರ ಪೇಟೆಯ ಒಂದು ಬೆಲ್ಲದ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆದು ಸಂಜೆಯ ರೈಲಿಗೆ ಮರಳುತ್ತಾನೆ. ಮನೆಯಲ್ಲಿ ಮಾವ ಪಾಂಡುರಂಗರಾಯರು, ಅತ್ತೆ ಕೃಷ್ಣಾಬಾಯಿ. ಇಷ್ಟೇ ಜನ. ಹೆಚ್ಚು ಮಂದಿಯನ್ನು ತಂದು ನಿಮ್ಮನ್ನು ಗೊಂದಲಕ್ಕೆ ಹಾಕುವುದಿಲ್ಲ.

ಅಂದು ಆರನೆಯ ಇಯತ್ತೆಯಲ್ಲಿ ಅವಳು ಹಾಜರಿ ಮುಗಿಸುವುದರೊಳಗೆ ಸಾವಂತ್ರವ್ವ ಎಂಬ ಹುಡುಗಿ ಎದ್ದು ನಿಂತಳು.

"ಅಕ್ಕೋರ, ನಿನ್ನಿ ತನಕಾ ನಾವು ಮೈಸೂರು ರಾಜ್ಯದವರು. ಇವತ್ತ ಕರ್ನಾಟಕದವರು. ರಾತ್ರಿ ಮಲಗಿದಾಗ ನಮಗ ಏನರ ಆತೇನ್ರಿ?"

"ನಿನಗೇನರ ಅನ್ನಿಸ್ತೇನು?"

"ಥಂಡಿ ಅನ್ನಿಸಿತ್ರಿ."

ತರಗತಿ ನಕ್ಕಿತು. ವತ್ಸಲಾ ಮೇಜಿನ ಮೇಲೆ ಪೃಥ್ವಿಗೋಳ ಇಟ್ಟು ತಿರುಗಿಸಿದಳು. ಹೋದ ವರ್ಷ ಸಿಲೋನ್ ಶ್ರೀಲಂಕಾ ಆದದ್ದನ್ನು ಹೇಳಿದಳು. ನಾವು ಜರ್ಮನಿ ಎನ್ನುವ ದೇಶಕ್ಕೆ ಅಲ್ಲಿಯವರು ಡಾಯ್ಚ್‌ಲಾಂಟ್ ಎನ್ನುತ್ತಾರೆ. ಬಹಳ ಹಿಂದಿನ ಅರ್ಥ ಹಿಡಿದರೆ 'ನಮ್ಮ ಮಂದಿಯ ನಾಡು' ಎಂದಷ್ಟೇ. ಅವರ ಪೂರ್ವಕ್ಕಿರುವ ನೆರೆಯವರಿಗೆ ಅವರ ಮಾತು ತಿಳಿಯುತ್ತಿರಲಿಲ್ಲ, ಅದಕ್ಕೇ 'ಮೂಕರು' ಎಂದು ಕರೆದರಂತೆ. ಇವತ್ತಿಗೂ ಅಲ್ಲಿ ಅದೇ ಹೆಸರು.

"ಅಯ್ಯ, ಅವರು ಸಿಟ್ಟಿಗೇಳಲಿಲ್ಲೇನ್ರಿ?"

"ಸಿಟ್ಟಿಗೆದ್ದು ಏನರ ಅಂದ್ರೂ ಇವರಿಗೆ ತಿಳೀಬೇಕಲ್ಲ."

"ಗೋವಾಕ ಹ್ವಾದ್ರ ನಮಗ ಘಾಟಿಗಳು ಅಂತಾರ್ರಿ ಅಕ್ಕೋರ. ನಮ್ಮಪ್ಪ ಅವರಿಗೆ ಘಟ್ಟದ ತೆಳಗಿನವರು ಅಂತಾನ."

"ಮತ್ತ ನಮ್ಮ ಇಂಡಿಯಾ?" ಹಿಂದಿನ ಸಾಲಿನಿಂದ ಇನ್ನೊಂದು ದನಿ.

"ಅದು ಸಿಂಧೂ ನದಿ ಆಚಿ ದಂಡಿಯವರು ಕರದ ಹೆಸರು."

"ಈಚಿ ದಂಡ್ಯಾಗ ಇದ್ದವರು ತಮಗೇನ ಅಂತಿದ್ರಿ?"

ವತ್ಸಲಾ ಗೋಳವನ್ನು ನಿಲ್ಲಿಸಿದಳು. ಪುಸ್ತಕದಲ್ಲಿ ಉತ್ತರ ಇತ್ತು, ಆದರೆ ಬಾಯಿಗೆ ಬಂದದ್ದು ಬೇರೆ. "ಏನೂ ಅಂತಿರಲಿಲ್ಲೋ ಏನೋ. ಮನ್ಯಾಗ ನಾವು ನಮಗ ಏನಂತೀವಿ? ನಾನು ಅಂತೀವಿ."

ಆಗಲೇ ಹೆಡ್‌ಮಾಸ್ತರರು ಕರೆಯುತ್ತಿದ್ದಾರೆ ಎಂದು ಸುದ್ದಿ ಬಂತು.

ಹೆಡ್‌ಮಾಸ್ತರ ಗುರುಪುತ್ರಪ್ಪನವರು ವಿಭೂತಿ ಹಚ್ಚಿದ ಹಣೆಯ, ಒಳ್ಳೆಯ ಮನುಷ್ಯ. "ಬರ್ರಿ, ಕುಂದರ್ರಿ. ಸಿಹಿ ಸುದ್ದಿ ಐತಿ. ನಿಮ್ಮ ನೌಕರಿ ಕಾಯಂ ಆತು. ಈಗ ದಫ್ತರದಾಗ ಹೆಸರು ಏರಸಬೇಕು. ನಿಮ್ಮ ಡಿಗ್ರ್ಯಾಗ ವತ್ಸಲಾ ಐತಿ. ಮೊನ್ನಿ ನಿಮ್ಮ ಯಜಮಾನ್ರು ಬಂದು, ಮದವ್ಯಾಗ ಇಟ್ಟ ಹೆಸರು ಚಂದ್ರಭಾಗಾ, ಅದನ್ನ ಏರಸ್ರಿ ಅಂತ ಹೇಳಿ ಹೋದ್ರು. ಒಮ್ಮೆ ಏರಿಸಿದ್ರ ಪೆನ್ಶನ್ ತನಕಾ ಅದ ಹೆಸರ ನೋಡ್ರಿ."

ಅವಳು ಕಿಟಕಿಯ ಕಡೆ ನೋಡಿದಳು. ಹೊರಗೆ ಮಾಯಪ್ಪನ ಉಪ್ಪುಕಾಗದದ ಸಪ್ಪಳ.

"ರಾಜ್ಯದ ಹೆಸರ ಬದಲಾತು, ಯಾರಿಗೇನಾತು? ನಿಮಗೇನ್ರಿ ತ್ರಾಸು?"

"ರಾಜ್ಯದ ಮಂದಿ ವರ್ಷಾನುಗಟ್ಟಲೆ ಕೇಳಿ ಕೇಳಿ ಪಡಕೊಂಡಾರ, ಸರ್. ನನ್ನ ಯಾರೂ ಕೇಳಿಲ್ಲ."

ಗುರುಪುತ್ರಪ್ಪನವರು ಕನ್ನಡಕ ತೆಗೆದು ಒರೆಸಿದರು. ಒರೆಸುವಂಥದ್ದು ಅದರ ಮೇಲೆ ಏನೂ ಇರಲಿಲ್ಲ. "ಕಾರ್ತಿಕ ಏಕಾದಶಿ ಮುಗೀಲಿ. ವಿಚಾರ ಮಾಡಿ ಹೇಳ್ರಿ."

೩

ಇಲ್ಲಿ ಮದುವೆಯ ಸಂಗತಿ ಬರಬೇಕು. ನಾನು ಅದನ್ನು ಹಾರಿಸಿಬಿಡೋಣ ಎಂದಿದ್ದೆ. ಮದುವೆ ಬರೆಯಲು ಹೋದರೆ ಊಟದ ಪಂಕ್ತಿಯಲ್ಲೇ ಕಥೆ ಕೂತುಬಿಡುತ್ತದೆ. ವತ್ಸಲಾ ಬಿಡಲಿಲ್ಲ.

"ಹಾರಸಬ್ಯಾಡ್ರಿ. ಅಕ್ಕಿ ಸಂಗತಿ ಬರೀರಿ."

ಬರೆಯುತ್ತೇನೆ. ಗಂಡನ ಮನೆತನದಲ್ಲಿ ಮದುವೆಯ ದಿನ ಹಿತ್ತಾಳೆಯ ಹರಿವಾಣದಲ್ಲಿ ಅಕ್ಕಿ ಹರವಿ, ಮದುಮಗ ಬಂಗಾರದ ಉಂಗುರದಿಂದ ಅದರ ಮೇಲೆ ಹೆಂಡತಿಯ ಹೊಸ ಹೆಸರು ಬರೆಯುವ ಪದ್ಧತಿ. ಆ ಗಳಿಗೆಯಿಂದ ತವರಿನ ಹೆಸರು ತವರಿನಲ್ಲೇ ಉಳಿಯಬೇಕು. ಅವಧೂತ ಉಂಗುರ ಹಿಡಿದು ಕೂತಾಗ ಕೃಷ್ಣಾಬಾಯಿ ಬಗ್ಗಿ ಅವನ ಕಿವಿಯಲ್ಲಿ ಏನೋ ಹೇಳಿದರು. ಅವನು ಬರೆದ: ಚಂದ್ರಭಾಗಾ.

ವತ್ಸಲಾಳ ಗೆಳತಿಯರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಗೆಲ್ಲ ಸುನೀತಾ, ಸಂಧ್ಯಾ ಎಂದು ಇಡುತ್ತಿದ್ದ ಕಾಲ. "ಇಂಥಾ ಅಜ್ಜೀ ಹೆಸರೇನ!" ಆದರೆ ಹಿರಿಯರಿಗೆಲ್ಲ ಬಹಳ ಹಿಡಿಸಿತು. ಪಂಢರಪುರದಲ್ಲಿ ಪಾಂಡುರಂಗನ ಪಾದದ ಬಳಿ ಹರಿಯುವ ಹೊಳೆ ಚಂದ್ರಭಾಗಾ. ಮಾವನ ಹೆಸರು ಪಾಂಡುರಂಗ, ಸೊಸೆಯ ಹೆಸರು ಚಂದ್ರಭಾಗಾ! ರಾಯರು ಎಲ್ಲರಿಗೂ ಎಲೆಯಡಿಕೆ ಕೊಡುತ್ತ, "ನಮ್ಮಾಕಿ ವಿಚಾರ ಮಾಡಿ ಇಟ್ಟಾಳ ನೋಡ್ರಿ," ಎಂದು ಹೇಳಿಕೊಂಡು ತಿರುಗಿದರು.

ಸಂಜೆಗೆ ಆ ಅಕ್ಕಿಯನ್ನು ಡಬ್ಬಿಗೆ ಸುರುವಿದರು. ಹೆಸರು ಅಕ್ಕಿಯಲ್ಲಿ ನಿಲ್ಲಲಿಲ್ಲ, ಅತ್ತೆಯ ಬಾಯಲ್ಲಿ ನಿಂತಿತು.

ಎಷ್ಟು ನಿಂತಿತೆಂದರೆ, ದಿನಕ್ಕೆ ಹತ್ತಾರು ಸಲ ಅಡುಗೆಮನೆಯಿಂದ "ಚಂದ್ರಭಾಗಾ!" ಎಂದು ಕೂಗು ಬರುತ್ತಿತ್ತು. ವತ್ಸಲಾ ಕೈಯಲ್ಲಿನ ಕೆಲಸ ಬಿಟ್ಟು ಹೋದರೆ, "ಏನಿಲ್ಲವಾ. ಸುಮ್ಮನ ಕರದೆ," ಎನ್ನುತ್ತಿದ್ದರು. ಮತ್ತೆ ಸ್ವಲ್ಪ ಹೊತ್ತಿಗೆ, "ಚಂದ್ರಭಾಗಾ!"

ಎರಡನೆಯ ಡ್ರಾಫ್ಟಿನಲ್ಲಿ ಇದನ್ನು ನಾನು ಅತ್ತೆಯ ದರ್ಪ ಎಂದು ಬರೆದಿದ್ದೆ. ಹುಬ್ಬು ಗಂಟು ಹಾಕಿಸಿದ್ದೆ, ಕೈಗೆ ಬೀಗದಕೈ ಗೊಂಚಲೂ ಕೊಟ್ಟಿದ್ದೆ. ವತ್ಸಲಾ ಆ ಪುಟ ಓದಿ ನನ್ನ ಮುಂದೆ ಎಸೆದಳು.

"ನಮ್ಮ ಅತ್ತಿ ಹಂಗಿಲ್ಲ. ಮುಂಜಾನೆ ನನಗಿಂತ ಮೊದಲ ಎದ್ದು ನನಗ ಡಬ್ಬಿ ಕಟ್ಟಿ ಕೊಡ್ತಾರ. ನೌಕರಿ ಮಾಡ್ಲಿ ಅಂತ ಮಾವನ ಮುಂದ ವಾದ ಹಾಕಿದಾವರೂ ಅವರ. ಕೆಟ್ಟಾಕಿ ಇದ್ರ ನನಗ ಸರಳ ಆಗ್ತಿತ್ತು. ಜಗಳಾ ಮಾಡಿ ನನ್ನ ಹೆಸರು ತೊಗೋತಿದ್ದೆ."

"ಹಾಗಿದ್ದರೆ ಅಷ್ಟು ಸಲ ಯಾಕೆ ಕರೆಯುತ್ತಾರೆ?"

"ನನ್ನ ಕೇಳ್ತೀರಲ್ಲ! ಬರಿಯಾವರು ನೀವು."

(ನನಗೆ ಗೊತ್ತಿರಲಿಲ್ಲ. ದೇವರಾಣೆ.)

"ಇನ್ನೊಂದು," ಎಂದಳು ಹೋಗುವಾಗ. "ನೀವು ನನ್ನ ಕಥಿಯೊಳಗ ಏನಂತ ಕರೀತೀರಿ?"

"ಸದ್ಯಕ್ಕೆ ವತ್ಸಲಾ."

"ಸದ್ಯಕ್ಕ ಅಂದ್ರ?"

ನಾನು ಪೆನ್ನಿನ ಶಾಯಿ ನೋಡುವವನಂತೆ ಮಾಡಿದೆ.

೪

ಏಕಾದಶಿಯ ಹಿಂದಿನ ದಿನ ಮಿರಜಿನಿಂದ ಗಂಗೂಬಾಯಿ ಬಂದರು. ಕೃಷ್ಣಾಬಾಯಿಯ ತಾಯಿಯ ತಂಗಿ. ತವರಿನ ಕಡೆ ಉಳಿದ ಹಿರಿಯ ಜೀವ ಇದೊಂದೇ. ಮಗನ ಮನೆ ಬಿಟ್ಟು ಎಲ್ಲಿಗೂ ಹೋಗುತ್ತಿರಲಿಲ್ಲ, ಮದುವೆಗೂ ಬಂದಿರಲಿಲ್ಲ. ಈಗ, ಕಣ್ಣು ಪೂರ್ತಿ ಮಂಜಾಗುವ ಮೊದಲು ಅಕ್ಕನ ಮಗಳನ್ನು ನೋಡಿ ಹೋಗಬೇಕು ಎಂದು ಹಟ ಹಿಡಿದು ರೈಲು ಹತ್ತಿದ್ದರು.

ಮುದುಕಿ ಅಂಗಳದಲ್ಲಿ ಗಂಟು ಇಳಿಸಿ, ಸೊಂಟಕ್ಕೆ ಕೈ ಕೊಟ್ಟು, ಒಳಗೆ ಮುಖ ಮಾಡಿ ಕೂಗಿದರು:

"ಚಂದ್ರೀ! ಏ ಚಂದ್ರಭಾಗಾ!"

"ಬಂದೆರೀ," ಎಂದಳು ವತ್ಸಲಾ ನಡುಮನೆಯಿಂದ.

"ಓ!" ಎಂದಿತು ಅಡುಗೆಮನೆ.

ಆ 'ಓ' ವತ್ಸಲಾ ಎಂದೂ ಕೇಳದ ದನಿ. ಹುಡುಗಿಯ ದನಿ. ಅದರ ಬೆನ್ನಿಗೇ ಕೃಷ್ಣಾಬಾಯಿ ಎರಡೂ ಕೈಗೆ ಜೋಳದ ಹಿಟ್ಟು ಮೆತ್ತಿಕೊಂಡು, ಸೆರಗು ಜಾರಿದ್ದೂ ಗೊತ್ತಿಲ್ಲದೆ, ಹೊಸ್ತಿಲಿಗೆ ಓಡಿಬಂದರು. ಸೊಸೆಯೂ ಅದೇ ಹೊಸ್ತಿಲಿಗೆ ಬಂದಿದ್ದಳು. ಇಬ್ಬರೂ ನಿಂತರು.

ಗಂಗೂಬಾಯಿ ಕಣ್ಣು ಕಿರಿದು ಮಾಡಿದರು. "ಚಂದ್ರಿ, ಈಕಿ ಯಾರ? ಈಕಿ ಯಾಕ ಬಂದೆ ಅಂದ್ಲು?"

ವತ್ಸಲಾ ಬಗ್ಗಿ ಮುದುಕಿಯ ಕಾಲು ಮುಟ್ಟಿ ಹೇಳಿದಳು: "ನಾ ಸೊಸಿರೀ, ಅಜ್ಜಿ. ನನಗ ಚಂದ್ರಭಾಗಾ ಅಂತ ಹೆಸರಿಟ್ಟಾರ."

ಮುದುಕಿ ಅಕ್ಕನ ಮಗಳ ಮುಖ ನೋಡಿದರು, ಸೊಸೆಯ ಮುಖ ನೋಡಿದರು. ಆಮೇಲೆ ಗಂಟಿನ ಮೇಲೇ ಕೂತು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು.

"ಕಳ್ಳೀ! ಸಣ್ಣಾಕಿದ್ದಾಗ ಬೆಲ್ಲಾ ಕದ್ದು ತಂಗಿ ಕೈಯಾಗ ಕೊಟ್ಟು ನಿಲ್ಲಸ್ತಿದ್ದಿ. ಇನ್ನೂ ಅದ ಚಾಳಿ ಏನ?"

(ಇಲ್ಲಿ ನಾನು ಬರೆಯುವುದನ್ನು ನಿಲ್ಲಿಸಿ ಎದ್ದು ನೀರು ಕುಡಿದು ಬಂದೆ. ದಿನಕ್ಕೆ ಹತ್ತಾರು ಸಲದ ಆ ಕೂಗು, ಆ 'ಸುಮ್ಮನ ಕರದೆ' ಎಲ್ಲ ಈಗ ಬೇರೆ ತರಹ ಕೇಳತೊಡಗಿತು. ಎರಡನೆಯ ಡ್ರಾಫ್ಟಿನ ಹುಬ್ಬಿನ ಗಂಟಿಗಾಗಿ ಕೃಷ್ಣಾಬಾಯಿಯ ಕ್ಷಮೆ ಕೇಳುತ್ತೇನೆ.)

೫

ಸಂಜೆ ವತ್ಸಲಾ ಮಾವನಿಗೆ ಚಹಾ ಕೊಡುತ್ತ ಕೇಳಿದಳು: "ಮಾವಾ, ಅತ್ತಿಯವರ ತವರಿನ ಹೆಸರು ಏನಿತ್ರಿ?"

ಪಾಂಡುರಂಗರಾಯರು ಬಸಿಯಲ್ಲಿ ಚಹಾ ಸುರಿದುಕೊಂಡು ಊದಿದರು. "ಏನೋ ಇತ್ತವಾ. ಏನಿತ್ತಪ್ಪಾ... ನಮ್ಮಪ್ಪ ಕೃಷ್ಣಾ ಅಂತ ಬರಿ ಅಂದ, ಅಕ್ಕಿ ಮ್ಯಾಲ ಬರದೆ. ಉಂಗುರ ಸಡಲಿತ್ತು, ಬೆರಳಿನಿಂದ ಜಾರಿ ಜಾರಿ ಬೀಳ್ತಿತ್ತು. ಅದ ನೆನಪದ ನೋಡು."

ಉಂಗುರ ನೆನಪಿತ್ತು.

ಅವಳು ಅಡುಗೆಮನೆಗೆ ಹೋದಳು. ಅತ್ತೆ ಕಾರ್ತಿಕದ ದೀಪಗಳಿಗೆ ಬತ್ತಿ ಹೊಸೆಯುತ್ತಿದ್ದರು. ಸೊಸೆ ಎದುರಿಗೆ ಕೂತು ತಾನೂ ಹತ್ತಿ ತೆಗೆದುಕೊಂಡಳು.

"ನಿಮ್ಮ ಹೆಸರು ನನಗ್ಯಾಕ ಇಟ್ರಿ?"

"ಯಾರರ ಕರೀಲಿ ಅಂತ," ಎಂದರು ಕೃಷ್ಣಾಬಾಯಿ, ತಲೆ ಎತ್ತದೆ. "ಅವ್ವ ಹೋದ್ಲು, ಅಣ್ಣ ಹೋದ, ತಂಗೀನೂ ಹೋದ್ಲು. ಆಮ್ಯಾಲ ಆ ಹೆಸರು ಕೇಳೇ ಇರಲಿಲ್ಲ. ಮನ್ಯಾಗ ಯಾರ ಕರೀತಾರ? ಇವರು 'ಏ' ಅಂತಾರ. ಅವಧೂತ ಅವ್ವ ಅಂತಾನ. ಓಣ್ಯಾಗ ಕೃಷ್ಣಾಬಾಯಿ. ಒಂದೊಂದ ಸರ್ತೆ ನಾನ ಬಾವಿ ಹಂತೇಕ ನಿಂತು ಸಣ್ಣಗ ಕರೀತಿದ್ದೆ. ತಾನ ಕರದು ತಾನ ಓ ಅಂದ್ರ ಹುಚ್ಚಿ ಅಂತಾರ. ನಿನಗಿಟ್ಟೆ. ಈಗ ಬಾಯಿ ತುಂಬ ಕರೀಬಹುದು, ಯಾರೂ ಏನೂ ಅನ್ನಂಗಿಲ್ಲ."

ವತ್ಸಲಾ ಆದರೂ ಕೇಳಿದಳು. ಅದನ್ನು ಕೇಳಲೆಂದೇ ಬಂದಿದ್ದಳು. "ಮತ್ತ ನನ್ನ ಹೆಸರು?"

"ಅದೆಲ್ಲಿ ಹೋಗ್ತದವಾ? ನಾಳೆ ನಿನ್ನ ಮಗನ ಮದವ್ಯಾಗ ನಿನ್ನ ಸೊಸಿಗೆ ಇಡು. ನಾನೂ ತಡದಿಲ್ಲೇನು ಇಷ್ಟ ವರ್ಷ?"

ಆ ಮಾತಿನಲ್ಲಿ ಕಪಟ ಇರಲಿಲ್ಲ. ಸೊಸೆಗೆ ದಾರಿ ತೋರಿಸುತ್ತಿದ್ದೇನೆ ಎಂದೇ ಅವರು ತಿಳಿದಿದ್ದರು.

ವತ್ಸಲಾ ಹೊಸೆದ ಬತ್ತಿಯನ್ನು ತಟ್ಟೆಯಲ್ಲಿಟ್ಟಳು. "ಆಕಿಗೂ ಅಪ್ಪ-ಅವ್ವ ಇಟ್ಟ ಒಂದು ಹೆಸರು ಇರ್ತದಲ್ಲರೀ, ಅತ್ತಿ. ಆಕಿ ಅದನ್ನ ಯಾರ ಹಂತೇಕ ಇಡಬೇಕು?"

ಕೃಷ್ಣಾಬಾಯಿಯ ಕೈ ನಿಂತಿತು. ಅವರು ಅಷ್ಟು ದೂರ ಲೆಕ್ಕ ಹಾಕಿರಲಿಲ್ಲ.

೬

(ಇಲ್ಲಿ ತತ್ವ ಇತ್ತು. ಚೆನ್ನಾಗಿಯೂ ಇತ್ತು. ಗಂಗೂಬಾಯಿ ಓದಿಸಿ ಕೇಳಿ, "ಇದೇನ ಪುರಾಣ? ಮುಂದ ಏನಾತು ಹೇಳು," ಎಂದರು. ತೆಗೆದೆ.)

೭

ಮುಂದೆ ಏನಾಯಿತು?

ಒಂದು: ಏಕಾದಶಿಯ ಮರುದಿನ ವತ್ಸಲಾ ಶಾಲೆಗೆ ಹೋಗಿ 'ವತ್ಸಲಾ' ಎಂದೇ ಬರೆಸಿದಳು. ಮನೆಯಲ್ಲಿ ಚಂದ್ರಭಾಗಾ ಎಂದರೆ ತಿರುಗಿ ನೋಡಲಿಲ್ಲ. ಅತ್ತೆ ಬಾವಿಯ ಹತ್ತಿರ ನಿಂತು ಅತ್ತರು.

ಕೃಷ್ಣಾಬಾಯಿಗೆ ಇದು ಸೇರಲಿಲ್ಲ. "ಬಾವಿ ಕಟ್ಟಿಗೆ ನಿಂದರಸಿ ಅಳಸಬ್ಯಾಡಪಾ. ಓಣಿ ಮಂದಿ ಎಲ್ಲಾ ನೀರಿಗೆ ಬರೋ ಜಾಗಾ ಅದು. ಅವಮಾನ."

ಎರಡು: ಅತ್ತೆಯ ದುಃಖ ನೋಡಿ ಕರಗಿದ ವತ್ಸಲಾ 'ಚಂದ್ರಭಾಗಾ' ಎಂದು ಬರೆಸಿ, ತ್ಯಾಗಮಯಿಯಾಗಿ ನಕ್ಕಳು.

"ಯಾರು ನಕ್ಕಿದ್ದು?" ಎಂದಳು ವತ್ಸಲಾ. "ಪೆನ್ಶನ್ ತನಕಾ ನಗೂದು ನಾನೋ, ನೀವೋ?"

ಮೂರು: ಎರಡೂ ಹೆಸರು ಬರೆಸಿದಳು. ಇದಕ್ಕೆ ಅತ್ತೆ ಸೊಸೆ ಇಬ್ಬರೂ ಒಪ್ಪಿದ್ದರು. ಗುರುಪುತ್ರಪ್ಪನವರು ಒಪ್ಪಲಿಲ್ಲ. "ಖಾನೆ ಸಣ್ಣದೈತ್ರಿ. ಎರಡು ಹೆಸರು ಹಿಡ್ಯಾಂಗಿಲ್ಲ. ಬೇಕಾದ್ರ ನೀವ ಅಳತಿ ಮಾಡ್ರಿ."

ಇನ್ನು ಅವಧೂತ. ಅವನಿಗೂ ಒಂದು ಮಾತು ಕೊಡೋಣ ಎಂದು ಸಂಜೆಯ ರೈಲಿನಿಂದ ಇಳಿಸಿ ಕೇಳಿದೆ. "ಅವ್ವ ಹೇಳಿದ್ದು ಬರದೆ, ಅಷ್ಟರೀ," ಎಂದ. ಸ್ವಲ್ಪ ದೂರ ಹೋದವನು ತಿರುಗಿ ಬಂದು, ದನಿ ತಗ್ಗಿಸಿ, "ಖರೇ ಹೇಳ್ತೀನಿ, ಮನಸಿನ್ಯಾಗ ನಾ ಆಕೀನ ವತ್ಸಲಾ ಅಂತನ ಕರೀತೀನಿ. ಹೆಣ್ಣ ನೋಡ್ಲಿಕ್ಕೆ ಹೋದಾಗ ಅದ ಹೆಸರು ಹೇಳಿದ್ರಲ್ಲ," ಎಂದ. ಇದನ್ನು ಅವಳಿಗೆ ಹೇಳಿದ್ದಾನೋ ಎಂದು ಕೇಳುವುದರೊಳಗೆ ಮಂಜಿನಲ್ಲಿ ಹೊರಟುಹೋಗಿದ್ದ.

ಹೀಗಾಗಿ ಮುಕ್ತಾಯವನ್ನು ನಾನು ಕೈಬಿಟ್ಟಿದ್ದೇನೆ. ದಫ್ತರದಲ್ಲಿ ಕೊನೆಗೆ ಯಾವ ಹೆಸರು ಏರಿತು, ಮನೆಯಲ್ಲಿ ಯಾರು ಯಾರನ್ನು ಏನೆಂದು ಕೂಗಿದರು, ಮುಂದೆ ಆ ಮನೆಗೆ ಬಂದ ಸೊಸೆಗೆ ಅಕ್ಕಿಯ ಹರಿವಾಣ ಹಿಡಿದರೋ ಇಲ್ಲವೋ, ಯಾವುದನ್ನೂ ನಾನು ಬರೆಯುವುದಿಲ್ಲ. ಕೇಳಿದರೆ ಖಾನಾಪುರದಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲವನ್ನೂ ನಂಬಿರಿ. ನನಗೆ ಕಂಡದ್ದು ಏಕಾದಶಿಯ ಸಂಜೆ, ವಿಠ್ಠಲನ ಗುಡಿಯಲ್ಲಿ ನಡೆದದ್ದು ಮಾತ್ರ. ಅದೂ ಕಂಬದ ಮರೆಯಿಂದ.

೮

ಗುಡಿಯ ಪೌಳಿಯ ತುಂಬ ಹಣತೆಗಳು. ದೀಪ ಹಚ್ಚಿದ ಮನೆಯವರ ಹೆಸರು ಹೇಳಿ ಭಟ್ಟರು ದೇವರ ಮುಂದೆ ಸಂಕಲ್ಪ ಮಾಡುತ್ತಿದ್ದರು. ಗಂಗೂಬಾಯಿ ಕಂಬಕ್ಕೆ ಒರಗಿ ಭಜನೆ ಕೇಳುತ್ತಿದ್ದರು. ಅತ್ತೆ ಸೊಸೆ ಮುಂದೆ ಬಂದು ಕೈಮುಗಿದು ನಿಂತರು. ಹಿಂದಿನ ಸಂಜೆ ಬತ್ತಿ ಹೊಸೆದ ಮೇಲೆ ಅತ್ತೆ ಒಂದು ಸಲವೂ ಚಂದ್ರಭಾಗಾ ಎಂದು ಕೂಗಿರಲಿಲ್ಲ.

"ರಾಯರ ಮನಿಯವರು. ಗೋತ್ರ ಗೊತ್ತದ," ಎಂದರು ಭಟ್ಟರು. ಕೈಯಲ್ಲಿ ಅಕ್ಷತೆ ಹಿಡಿದು, "ಕೃಷ್ಣಾಬಾಯಿ..." ಎಂದು ಶುರು ಮಾಡಿದರು.

"ಚಂದ್ರಭಾಗಾ ಅನ್ರಿ," ಎಂದಳು ವತ್ಸಲಾ.

ಭಟ್ಟರು ಕಣ್ಣು ತೆರೆದರು. "ಅದು ನಿಮ್ಮ ಹೆಸರಲ್ಲೇನವಾ? ಮದವಿ ಮಾಡಿಸಿದಾವ ನಾನ."

"ನಂದಲ್ಲರೀ, ಅತ್ತಿಯವರದು. ಅವರ ಅವ್ವ ಇಟ್ಟಿದ್ದು. ದೇವರ ಮುಂದ ಅವರದ ಅವರಿಗೆ ಅನ್ರಿ."

ಭಟ್ಟರು ಅತ್ತೆಯ ಕಡೆ ನೋಡಿದರು. ಕೃಷ್ಣಾಬಾಯಿ ಮೂರ್ತಿಯ ಕಡೆಗೇ ನೋಡುತ್ತಿದ್ದರು. ಹಿಂದೆ ಜನ ಕಾಯುತ್ತಿದ್ದರು. ಭಟ್ಟರು ಗಂಟಲು ಸರಿಮಾಡಿಕೊಂಡು, ವಿಠ್ಠಲನ ಎದುರಿಗೆ, ಗುಡಿಗೆಲ್ಲ ಕೇಳುವ ಹಾಗೆ, ಚಂದ್ರಭಾಗಾ ಎಂಬ ಹೆಸರಿನಿಂದ ಸಂಕಲ್ಪ ಹೇಳಿದರು. ಕಂಬದ ಬಳಿ ಮುದುಕಿ ತಾಳ ಹಾಕುವುದನ್ನು ನಿಲ್ಲಿಸಿ ಇತ್ತ ತಿರುಗಿದರು.

ಅಕ್ಷತೆ ಹಾಕಿ, ಇನ್ನೊಂದು ಹಿಡಿ ತೆಗೆದುಕೊಂಡು ಭಟ್ಟರು ಸೊಸೆಗೆ ಕೇಳಿದರು: "ಹಂಗಾರ ನಿಮಗ ಏನನ್ನಲಿ?"

ವತ್ಸಲಾ ಬಾಯಿ ತೆರೆದಳು. ಅಷ್ಟರಲ್ಲಿ ಅತ್ತೆ, ಮೂರ್ತಿಯ ಮೇಲಿನ ಕಣ್ಣು ಕದಲಿಸದೆ, ಪಕ್ಕದವರಿಗಷ್ಟೇ ಕೇಳುವ ದನಿಯಲ್ಲಿ ಹೇಳಿದರು:

"ವತ್ಸಲಾ."